ಗಂಡನಿಗೆಂದು ಕಾದಿಟ್ಟ ಜಾಗ

"ಏ, ಕೈಗೆ ಲಕ್ವ ಹೊಡ್ದಿದೆಯೇನೇ? ಮೂಲೆ ತಿಕ್ಕು, ಮೂಲೆ! ಡಾಕ್ಟ್ರಮ್ಮನ ಯಜಮಾನ್ರು ಸ್ನಾನಕ್ಕೆ ಬಂದು ಈ ಪಾಚಿ ಮೇಲೆ ಜಾರಿ ಬಿದ್ರೆ ನಿನ್ನ ಗಂಡ ಬಂದು ಎತ್ತುತ್ತಾನಾ?"

ಆಸ್ಪತ್ರೆಯ ಗುಮಾಸ್ತ ಡಾಕ್ಟರಮ್ಮನ ಮನೆಯ ಬಚ್ಚಲಿನ ಹೊಸ್ತಿಲಾಚೆ ನಿಂತು ಬೈಯುತ್ತಿದ್ದ. ಒಳಗೆ ಬಂದರೆ ಅವನ ಚಪ್ಪಲಿ ಒದ್ದೆಯಾಗುತ್ತಿತ್ತು. ಆಯಾ ಮಂಡಿಯೂರಿ ಮೂಲೆ ತಿಕ್ಕುತ್ತಿದ್ದಳು. ಬೆಳಗಿನಿಂದ ಇದು ಮೂರನೆಯ ಬಕೆಟ್ಟು.

"ನನ್ನ ಗಂಡನ್ನ ಇಲ್ಲಿಗೆ ತರ್ಸಿ ಸ್ವಾಮಿ. ಎತ್ತೋದೇನು, ಅವರನ್ನ ಹೊತ್ಕೊಂಡೇ ಓಡಾಡ್ತಾನೆ."

"ಬಾಯಿ ನೋಡು ಮುಂಡೇದಕ್ಕೆ. ಬೇಗ ಮುಗ್ಸು. ಹಾಸಿಗೆ ಬೇರೆ ಹಾಸ್ಬೇಕು."

ಗಂಡ ಬದುಕಿರುವಾಗಲೇ ಮುಂಡೆ ಅನ್ನಿಸಿಕೊಳ್ಳುವುದು ಅವಳಿಗೆ ಹೊಸದೇನಲ್ಲ. ಗುಮಾಸ್ತನ ಬಾಯಲ್ಲಿ ಆ ಮಾತು ಎಲೆಯಡಿಕೆಯಂತೆ ಸದಾ ಇರುತ್ತಿತ್ತು. ಆದರೆ ಒಳಗಿನ ಕೋಣೆಗೆ ಹೋಗಿ ಹೊಸ ಮಂಚದ ಮೇಲೆ ಎರಡು ದಿಂಬುಗಳನ್ನು ಪಕ್ಕಪಕ್ಕ ಇಡುವಾಗ, ಅವನು ಬೈದದ್ದರಲ್ಲಿ ಸುಳ್ಳೇನಿದೆ ಅನ್ನಿಸಿತು. ತನಗಾದದ್ದು ಹೊಟ್ಟೆಕಿಚ್ಚು ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಬೇರೆ ಹೆಸರಿಟ್ಟು ಮುಚ್ಚಿಡುವಷ್ಟು ನಾಜೂಕು ಅವಳಿಗಿರಲಿಲ್ಲ. ಒಂದು ದಿಂಬನ್ನು ಎತ್ತಿ ಗೋಡೆಗೆ ನಾಲ್ಕು ಸಲ ಬಡಿದಳು. ದೂಳು ಕೊಡವುತ್ತಿದ್ದಾಳೆಂದು ಗುಮಾಸ್ತ ತಿಳಿದ.

ಆ ಆಸ್ಪತ್ರೆಗೆ ಆರು ವರ್ಷಗಳಲ್ಲಿ ಹನ್ನೊಂದು ಮಂದಿ ಡಾಕ್ಟರುಗಳು ಬಂದಿದ್ದರು, ಹನ್ನೊಂದು ಮಂದಿಯೂ ಹೋಗಿದ್ದರು. ಒಬ್ಬನಂತೂ ಪೆಟ್ಟಿಗೆಯ ಹಗ್ಗ ಬಿಚ್ಚದೆಯೇ ಮಾರನೆಯ ದಿನದ ಬಸ್ಸು ಹತ್ತಿದ. ಹನ್ನೆರಡನೆಯವಳು ಈ ಡಾಕ್ಟರಮ್ಮ. ಕೈಗುಣ ಒಳ್ಳೆಯದು, ಬಾಯಿ ಮೆದು. ಇವಳೂ ಓಡಿಹೋದಾಳೆಂಬ ಹೆದರಿಕೆಗೆ ದೊಡ್ಡ ಕಚೇರಿಯಿಂದ ಒಬ್ಬ ಸಾಹೇಬ ಬಂದ. ಎಲ್ಲ ಊರುಗಳ ಆಸ್ಪತ್ರೆಗಳ ಮಾಹಿತಿಯನ್ನು ಒಂದೇ ಕಡೆ ಸೇರಿಸಿ, ಡಾಕ್ಟರುಗಳು ಯಾಕೆ ಬಿಟ್ಟುಹೋಗುತ್ತಾರೆ, ಏನು ಮಾಡಿದರೆ ನಿಲ್ಲುತ್ತಾರೆ ಎಂದು ಕಂಡುಹಿಡಿಯುವುದು ಅವನ ಕೆಲಸ. ಮಡಿಲಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೇಳುತ್ತ ಹೋದ. ನೀರು ಬರುತ್ತಾ? ಕರೆಂಟು? ಒಂಟಿತನ?

"ತಿಂಗಳಿಗೊಂದ್ಸಲನೂ ಗಂಡನ ಮುಖ ನೋಡೋಕಾಗಲ್ಲ ಸರ್" ಎಂದು ಡಾಕ್ಟರಮ್ಮ ಕಣ್ಣೊರೆಸಿಕೊಂಡಳು.

ಸಾಹೇಬ ಅದನ್ನು ಟಕಟಕ ಒತ್ತಿಕೊಂಡ. ಪಕ್ಕದಲ್ಲೇ ನೆಲ ಒರೆಸುತ್ತಿದ್ದ ಆಯಾಳಿಗೆ ತಡೆಯಲಾಗಲಿಲ್ಲ.

"ನಂಗೂ ಅದೇ ತಾಪತ್ರಯ ಸ್ವಾಮಿ. ನನ್ನ ಗಂಡ ನಗರದ ದೊಡ್ಡಾಸ್ಪತ್ರೆಲಿ ಹೆಣದ ಮನೆ ತೊಳೀತಾನೆ. ವರ್ಷಕ್ಕೆರಡೇ ಸಲ ಬರೋದು. ನಂದೂ ಬರ್ಕೊಳ್ಳಿ."

ಸಾಹೇಬ ಕೆಟ್ಟವನೇನಲ್ಲ. ನಕ್ಕು ಹೇಳಿದ: "ಇದು ಡಾಕ್ಟ್ರು, ನರ್ಸುಗಳದ್ದಮ್ಮ. ಅವರು ಬಿಟ್ಟುಹೋಗ್ತಾರೆ ಅಂತ ಇಷ್ಟೆಲ್ಲ. ನೀವು ಹೋಗಲ್ವಲ್ಲ."

ಇಪ್ಪತ್ತೈದು ದಿನಕ್ಕೆ ಡಾಕ್ಟರಮ್ಮನ ಗಂಡನಿಗೆ ಆದೇಶ ಬಂತು. ಅವನೂ ಡಾಕ್ಟರೇ. ಗಂಡನನ್ನು ಇಲ್ಲಿಗೆ ಕರೆಸಿ ಎಂದು ಆಯಾ ಬರೆಸಿ ಕೊಟ್ಟ ಅರ್ಜಿಗಳಿಗೆ ಆರು ವರ್ಷವಾಗಿತ್ತು.

ಅವಳಿಗೂ ಒಂದು ಆಸೆ ಇಲ್ಲದಿರಲಿಲ್ಲ. ಆರು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಕಸ ಗುಡಿಸುವ ಮುದುಕ ಸತ್ತ ಮೇಲೆ ಅವನ ಜಾಗ ಖಾಲಿ ಇತ್ತು. ಅದನ್ನು ಗಂಡನಿಗೆ ಕೊಡಿಸಿ ಎಂದು ಅಂದೇ ಗುಮಾಸ್ತನ ಕಾಲು ಹಿಡಿದಿದ್ದಳು. "ನೋಡೋಣ. ಆದ್ರೆ ಆಸ್ಪತ್ರೆ ಹೊಲಸು ಅಂತ ಒಂದು ದೂರು ಬಂದ್ರೂ ಮೇಲಿನವರು ನಾಳೆನೇ ಬೇರೆಯವನನ್ನ ತುರುಕ್ತಾರೆ. ಜಾಗ ಹಾಗೇ ಇರ್ಬೇಕಾದ್ರೆ ಕೆಲ್ಸ ನಿಲ್ಬಾರ್ದು" ಎಂದಿದ್ದ. ಅಂದಿನಿಂದ ಇಬ್ಬರ ಕೆಲಸವನ್ನೂ ಅವಳೊಬ್ಬಳೇ ಎಳೆದಳು. ಮುಂಜಾನೆ ವಾರ್ಡು, ಹೆರಿಗೆ ಕೋಣೆ. ಮಧ್ಯಾಹ್ನದ ಮೇಲೆ ಮುದುಕನ ಪಾಲಿನ ಪಾಯಿಖಾನೆ, ಮೋರಿ, ಹೆರಿಗೆಯ ಮಾಸು ಹೂಳುವ ಗುಂಡಿ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಎರಡು ಸಾಲಿದ್ದವು, ಒಂದು ಅವಳದು, ಒಂದು ಮುದುಕನದು. ಓದು ಬರದಿದ್ದರೂ ಎರಡರಲ್ಲೂ ದಿನ ತಪ್ಪದೆ ಗೀಟು ಹಾಕುತ್ತಿದ್ದಳು. ಜ್ವರ ಬಂದರೂ ಹಾಕಿದಳು, ಅವ್ವ ಸತ್ತ ದಿನವೂ ಹಾಕಿದಳು. ತುಂಬಿದ ಹಾಳೆಯನ್ನು ಗುಮಾಸ್ತ ತಿಂಗಳಿಗೊಮ್ಮೆ ದೊಡ್ಡ ಕಚೇರಿಗೆ ಕಳಿಸುತ್ತಿದ್ದ. ಬಸ್ಸಿನಲ್ಲಿ ಕರವಸ್ತ್ರ ಹಾಸಿ ಸೀಟು ಹಿಡಿದಂತೆ ಗಂಡನಿಗೆ ಜಾಗ ಹಿಡಿದಿದ್ದಳು.

"ಆರು ವರ್ಷ ಆಯ್ತು, ಒಂದು ಕೂಸಿಲ್ವಲ್ಲೇ" ಎಂದು ಬಾಣಂತಿಯರು ಕೇಳಿದರೆ, "ವರ್ಷಕ್ಕೆರಡು ಸಲ ಮುಖ ನೋಡಿದ್ರೆ ಕೂಸು ಗಾಳಿಗೆ ಹುಟ್ಟುತ್ತೇನಕ್ಕ?" ಎಂದು ತಾನೇ ಮೊದಲು ನಗುತ್ತಿದ್ದಳು. ತಾನು ನಕ್ಕರೆ ಅವರು ಕನಿಕರಪಡುವುದಿಲ್ಲ.

ಹಾಸಿಗೆ ಹಾಸಿದ ಮಾರನೆಯ ದಿನ, ಸೋಮವಾರ, ಡಾಕ್ಟರಮ್ಮನ ಗಂಡ ಬಂದಿಳಿದ. ಅವನ ಹಿಂದೆಯೇ ಸಾಹೇಬನೂ ಬಂದ, ಬೇರೆ ಆಸ್ಪತ್ರೆಗಳ ಏಳೆಂಟು ಅಧಿಕಾರಿಗಳನ್ನು ಕರೆದುಕೊಂಡು. ಡಾಕ್ಟರನ್ನು ಉಳಿಸಿಕೊಳ್ಳುವುದು ಹೇಗೆಂದು ಅವರಿಗೆಲ್ಲ ಈ ಆಸ್ಪತ್ರೆಯನ್ನು ತೋರಿಸಬೇಕಿತ್ತು. ವರಾಂಡದಲ್ಲಿ ಕುರ್ಚಿ ಹಾಕಿ, ಗೋಡೆಯ ಮೇಲೆ ಬೆಳಕಿನ ಚಿತ್ರ ಬಿಟ್ಟರು. ಆಯಾ ಚಹಾದ ತಟ್ಟೆ ಹಿಡಿದು ಸಾಲುಸಾಲಾಗಿ ನಡೆದಳು. ಮುಂದಿನ ಸಾಲಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಡಾಕ್ಟರಮ್ಮನ ಲೋಟದ ಮೇಲೆ ಕೂರಲು ಬಂದ ನೊಣವನ್ನು ಅವನು ಕೈಬೀಸಿ ಓಡಿಸಿದ. ಅಷ್ಟೇ. ಅಷ್ಟಕ್ಕೇ ಆಯಾಳ ಕಣ್ಣು ಉರಿಯಿತು. ಆ ನೊಣ ಅವನ ಲೋಟದಲ್ಲೇ ಬಿದ್ದು ಸಾಯಲಿ ಎಂದು ಬಯಸಿದಳು.

"ಮೊದ್ಲು ಗಂಡ ಹೆಂಡತಿ ಬೇರೆಬೇರೆ ಊರಲ್ಲಿರೋ ಡಾಕ್ಟರುಗಳ ಪಟ್ಟಿ ತೆಗೆದ್ವಿ" ಸಾಹೇಬ ಹೇಳುತ್ತಿದ್ದ. "ಇಲ್ಲಿ ಇನ್ನೊಬ್ಬ ಡಾಕ್ಟರಿಗೆ ಹುದ್ದೆನೇ ಇರ್ಲಿಲ್ಲ. ಎಲ್ಲಿಂದ ತರೋದು? ಆಗ ಖಾಲಿ ಹುದ್ದೆಗಳ ಮಾಹಿತಿನ ಅದಕ್ಕೆ ಜೋಡಿಸಿದ್ವಿ. ನಾಲ್ಕು ಆಸ್ಪತ್ರೆಲಿ ಕಸ ಗುಡಿಸೋ ಹುದ್ದೆ ವರ್ಷಗಟ್ಲೆಯಿಂದ ಖಾಲಿ. ಖಾಲಿ ಇದ್ರೂ ಎಲ್ಲೂ ಹೊಲಸಿಲ್ಲ, ದೂರಿಲ್ಲ. ಅಂದ್ರೆ ಆ ಹುದ್ದೆ ಬೇಕಾಗೇ ಇಲ್ಲ ಅಂತಾಯ್ತು. ನಾಲ್ಕನ್ನೂ ರದ್ದು ಮಾಡಿ, ಸೇರಿಸಿ, ಒಂದು ಡಾಕ್ಟರ ಹುದ್ದೆ ಮಾಡಿದ್ವಿ."

ಚಪ್ಪಾಳೆ ಬಿತ್ತು. ಆಯಾ ನಿಂತಲ್ಲೇ ನಿಂತಳು.

"ಯಾವ ನಾಲ್ಕು ಸ್ವಾಮಿ?"

"ಏ, ಒಳಗೆ ಹೋಗೇ!" ಗುಮಾಸ್ತ ಹಿಂದಿನಿಂದ ಗದರಿದ.

ಸಾಹೇಬ ಖುಷಿಯಲ್ಲಿದ್ದ. "ಇರ್ಲಿ ಬಿಡಿ, ಅವಳಿಗೂ ಗೊತ್ತಾಗ್ಲಿ" ಎಂದು ಏನೋ ಒತ್ತಿದ. ಗೋಡೆಯ ಮೇಲೆ ಅವಳ ಹಾಳೆ ಮೂಡಿತು. ಎರಡು ಸಾಲು, ಎರಡರಲ್ಲೂ ಗೀಟುಗಳು. ಅದರ ಹಿಂದೆ ಇನ್ನೊಂದು ಹಾಳೆ, ಮತ್ತೊಂದು. "ನೋಡಮ್ಮ, ಆರು ವರ್ಷ, ಒಂದು ದಿನ ತಪ್ಪಿಲ್ಲ. ಇಬ್ಬರ ಕೆಲ್ಸ ಒಬ್ಬರಿಂದ್ಲೇ ಆಗುತ್ತೆ ಅಂತ ತೋರಿಸ್ಕೊಟ್ಟಿದ್ದೇ ನೀನು. ಇವತ್ತು ಇವರು ಒಟ್ಟಿಗೆ ಇದ್ದಾರೆ ಅಂದ್ರೆ ನಿನ್ನಿಂದ. ಎಲ್ಲಿ, ಇವಳಿಗೊಂದು ಚಪ್ಪಾಳೆ!"

ಎಲ್ಲರೂ ಅವಳತ್ತ ತಿರುಗಿ ಚಪ್ಪಾಳೆ ತಟ್ಟಿದರು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯ್ತು ಅನ್ನುವುದು ಹಳೆಯ ಮಾತು. ಆದರೆ ಗೆದ್ದಲನ್ನು ಎದುರಿಗೆ ನಿಲ್ಲಿಸಿಕೊಂಡು ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಉಳಿದ ಮೂರು ಆಸ್ಪತ್ರೆಗಳಲ್ಲಿ ಇಬ್ಬರ ಕೆಲಸ ಮಾಡಿದವರು ಯಾರು, ಅವರು ಯಾರಿಗೆಂದು ಜಾಗ ಕಾದಿದ್ದರು ಎಂದು ಅವಳ ತಲೆಯಲ್ಲಿ ಒಂದು ಕ್ಷಣ ಹಾದುಹೋಯಿತು.

"ಅದು ನನ್ನ ಗಂಡನ ಜಾಗ ಸ್ವಾಮಿ."

ಯಾರೋ ಕಿಸಕ್ಕೆಂದರು. ಗುಮಾಸ್ತ ಎದ್ದು ಬಂದ. "ನಿನ್ನ ಗಂಡನ ಹೆಸರು ಬರ್ದಿತ್ತೇನೇ ಅದ್ರ ಮೇಲೆ? ತಲೆ ನೆಟ್ಟಗಿದೆಯಾ?"

"ಕೆಲ್ಸ ನಿಲ್ಬಾರ್ದು, ಜಾಗ ಇರುತ್ತೆ ಅಂದೋನು ನೀನೇ ಅಲ್ವೇನೋ ಹಲ್ಕಟ್ ನನ್ಮಗನೇ?" ಆರು ವರ್ಷ ಸ್ವಾಮಿ ಸ್ವಾಮಿ ಎಂದ ನಾಲಿಗೆ ಏಕವಚನಕ್ಕೆ ಇಳಿಯಲು ಕ್ಷಣವೂ ತಡೆಯಲಿಲ್ಲ. "ಆ ಮುದುಕನ ಪಾಯಿಖಾನೆನೂ ತೊಳ್ದೆನಲ್ಲೋ! ನಿನ್ನ ಮಾತು ಕೇಳಿ ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕ್ಕೊಂಡೆನಲ್ಲೋ!"

ಡಾಕ್ಟರಮ್ಮ ಎದ್ದು ನಿಂತಳು, ಮುಖ ಬಿಳಿಚಿತ್ತು.

"ಆಯಾ, ಆಣೆಗೂ ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ ಬಿಟ್ಕೊಡ್ತಿದ್ರಾ ಅಮ್ಮ?"

ಡಾಕ್ಟರಮ್ಮನ ಕೈ ಅವಳಿಗೇ ತಿಳಿಯದಂತೆ ಗಂಡನ ಅಂಗಿಯ ತೋಳನ್ನು ಹಿಡಿದುಕೊಂಡಿತ್ತು.

"ಕೊಡಲ್ಲ. ನಾನಾಗಿದ್ರೂ ಕೊಡ್ತಿರ್ಲಿಲ್ಲ" ಎಂದಳು ಆಯಾ. "ನಿಮ್ಮನ್ನ ಬೈಯಲ್ಲ. ಆದ್ರೆ ನಿಮ್ಮಿಬ್ರನ್ನ ಜೊತೇಲಿ ನೋಡೋಕೆ ನನ್ನ ಕೈಲಿ ಆಗಲ್ಲ. ಹೊಟ್ಟೆ ಉರಿಯುತ್ತೆ. ನಿಮ್ಮ ಹಾಸಿಗೆ ಹಾಸೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಆಗಲೇ ಹೆರಿಗೆ ಕೋಣೆಯಿಂದ ಕೂಸು ಅತ್ತದ್ದು ಕೇಳಿಸಿತು. ನರ್ಸಮ್ಮ ಬಾಗಿಲಲ್ಲಿ ತಲೆ ಹಾಕಿ ಕೂಗಿದಳು. "ಆಯಾ, ಬಾ ಬೇಗ! ಮಾಸು ಬಿದ್ದಿದೆ, ನೆಲ ಎಲ್ಲ ರಕ್ತ!"

ಆಯಾ ಚಹಾದ ತಟ್ಟೆಯನ್ನು ಗುಮಾಸ್ತನ ಎರಡೂ ಕೈಗೆ ಕೊಟ್ಟಳು. ಅವನು ಗೊತ್ತಾಗದೆ ಹಿಡಿದುಕೊಂಡ. ಅವಳು ಹೆರಿಗೆ ಕೋಣೆ ಬಿಟ್ಟು ಮೆಟ್ಟಿಲ ಕಡೆ ತಿರುಗಿದಳು.

"ಎಲ್ಲಿಗಮ್ಮ?" ಸಾಹೇಬ ಕೇಳಿದ. "ಹಾಗೆಲ್ಲ ಹೋಗೋ ಹಾಗಿಲ್ಲ. ರಾಜೀನಾಮೆ ಕೊಡ್ಬೇಕು."

"ಹೋಗೋರ ಪಟ್ಟಿಲೇ ನಾನಿಲ್ವಲ್ಲ ಸ್ವಾಮಿ. ಏನಂತ ಕೊಡ್ಲಿ?"

ಮೆಟ್ಟಿಲಿಳಿದು ಅಂಗಳ ದಾಟಿದಳು. ಗೇಟಿನ ಹೊರಗೆ ನಗರದ ಬಸ್ಸು ಹೊರಡಲು ಸಿದ್ಧವಾಗಿ ಗುರುಗುಡುತ್ತಿತ್ತು. ಸೊಂಟದ ಚೀಲದಿಂದ ಫೋನು ತೆಗೆದು ಗಂಡನಿಗೆ ಹಚ್ಚಿದಳು. ಅವನನ್ನು ಅವಳು ಮಾವ ಎಂದೇ ಕರೆಯುತ್ತಿದ್ದಳು.

"ಮಾವ, ಬರ್ತಾ ಇದೀನಿ."

"ಏನೇ ಇದು? ರಜೆ ಕೊಟ್ರಾ?"

"ಇಲ್ಲ. ಬಿಟ್ಟೆ."

ಆ ಕಡೆ ನೀರು ಬೀಳುವ ಸದ್ದು ನಿಂತಿತು. ಹೆಣದ ಮನೆಯ ನಲ್ಲಿ ಅವನು ತಿರುಗಿಸಿರಬೇಕು. "ಬಿಟ್ಟೆ ಅಂದ್ರೆ? ಇಲ್ಲಿ ನಾವು ಎಂಟು ಜನ ಒಂದೇ ಕೋಣೇಲಿ ಮಲಗ್ತೀವಿ ಕಣೇ. ನಿನ್ನ ಎಲ್ಲಿ ಮಲಗಿಸ್ಲಿ? ಏನು ತಿನ್ನೋಣ?"

"ಅದೆಲ್ಲ ನಂಗೊತ್ತಿಲ್ಲ. ಬಸ್ಸು ಇಳಿಯೋ ಕಡೆ ಬಂದು ನಿಂತಿರು" ಎಂದು ಫೋನು ಇಟ್ಟಳು.

ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟು ತಿರುಗಿ ನೋಡಿದಳು. ನರ್ಸಮ್ಮ ತಾನೇ ನೆಲಕ್ಕೆ ನೀರು ಸುರಿದಿರಬೇಕು. ಡಾಕ್ಟರಮ್ಮನ ಮನೆ ತಿಕ್ಕುತ್ತ ಕೂತದ್ದರಿಂದ ಆಯಾ ಎರಡು ದಿನದಿಂದ ಮೋರಿಯ ಬಾಯಿ ಬಿಡಿಸಿರಲಿಲ್ಲ. ಹೆರಿಗೆ ಕೋಣೆಯ ಬಾಗಿಲಡಿಯಿಂದ ಕೆಂಪು ನೀರು ವರಾಂಡಕ್ಕೆ ಬಂದು ಕುರ್ಚಿಗಳ ನಡುವೆ ಹರಡುತ್ತಿತ್ತು. ಅಧಿಕಾರಿಗಳು ಒಬ್ಬೊಬ್ಬರಾಗಿ ಕಾಲುಗಳನ್ನು ಮೇಲೆತ್ತಿಕೊಂಡರು. ಸಾಹೇಬ ಕಂಪ್ಯೂಟರನ್ನು ಎದೆಗವಚಿಕೊಂಡು ಕುರ್ಚಿಯ ಮೇಲೆ ಹತ್ತಿ ನಿಂತ. ಡಾಕ್ಟರಮ್ಮ ಪೊರಕೆ ಎಲ್ಲಿದೆಯೆಂದು ತಿಳಿಯದೆ ಮೂಲೆಮೂಲೆಗೆ ಓಡುತ್ತಿದ್ದಳು. ಗುಮಾಸ್ತ ತಟ್ಟೆ ಹಿಡಿದೇ ಕೂಗುತ್ತಿದ್ದ, "ಆಯಾ! ಏ ಆಯಾ!"

ನೀರು ಕುರ್ಚಿಗಳನ್ನು ದಾಟಿ ಇಳಿಜಾರಿದ್ದ ವಾರ್ಡಿನ ಕಡೆಗೆ ತಿರುಗಿತು. ಅಲ್ಲಿ ಮಂಚ ಸಾಲದೆ ಐವರು ಬಾಣಂತಿಯರು ಕೂಸುಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ನೆಲದ ಮೇಲೆ ಮಲಗಿದ್ದರು. ತೆರೆದ ಬಾಗಿಲಿನಿಂದ ಅದು ಆಯಾಳಿಗೆ ಕಾಣಿಸಿತು. ಇನ್ನೊಂದು ಕಾಲನ್ನೂ ಎತ್ತಿಟ್ಟು ಬಸ್ಸಿನೊಳಗೆ ಹೋದಳು.