ಮೇಲಿನ ಗ್ಯಾಲರಿಯ ಕಂಬಿ

ನನ್ನ ಗಂಡನ ಮಣ್ಣಿಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಹಾಲು ಉಕ್ಕಿತು.

"ಒಲೆ ಮುಂದೆ ನಿಂತ್ಕೊಂಡೇ ಉಕ್ಕಿಸ್ತೀಯಲ್ಲ, ಕಣ್ಣು ಎಲ್ಲಿಟ್ಟಿದ್ದೆ?" ಅಂದರು ಅತ್ತೆ. ಮಗ ಇದ್ದಾಗಲೂ ಹೀಗೇ ಅನ್ನುತ್ತಿದ್ದರು. ಸಮಾಧಾನವಾಯಿತು.

ಒಲೆ ಒರೆಸುತ್ತಿದ್ದಾಗ ಕೆಳಗಿನ ಗ್ಯಾರೇಜಿನವನು ಬಾಗಿಲಿಗೆ ಬಂದ. ಲಾರಿ ರಿಪೇರಿ ಮಾಡುವವನು, ನನ್ನನ್ನು ಅಕ್ಕ ಅನ್ನುತ್ತಾನೆ.

"ಬೇಜಾರು ಮಾಡ್ಕೋಬೇಡಿ ಅಕ್ಕ. ಭಾವ ನನ್ನ ದೊಡ್ಡ ಸ್ಪ್ಯಾನರ್ ತಗೊಂಡು ಹೋಗಿದ್ರು. ಒಂದು ಚಕ್ರ ಬಿಚ್ಚೋಕೆ ಬರದೆ ಲಾರಿ ಹಾಗೇ ನಿಂತಿದೆ."

"ಮಗನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ, ಇವನಿಗೆ ಸ್ಪ್ಯಾನರ್ ಚಿಂತೆ," ಒಳಗಿನಿಂದ ಅತ್ತೆ.

"ಹುಡುಕಿ ಕೊಡ್ತೀನಿ" ಅಂದೆ.

ಹುಡುಕುವುದೇನೂ ಇರಲಿಲ್ಲ. ಗಂಡ ಕೆಲಸಕ್ಕಿದ್ದ ಕ್ಲಬ್ಬಿನವರು ಚಪ್ಪಲಿಯ ಜೊತೆ ತಂದುಕೊಟ್ಟ ಊಟದ ಚೀಲದಲ್ಲೇ ಅದಿತ್ತು. ಡಬ್ಬಿಯ ಕೆಳಗೆ ಸ್ಪ್ಯಾನರ್, ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಬೋಲ್ಟುಗಳು. ಎಣ್ಣೆ ಹಚ್ಚಿದ, ತುಕ್ಕಿಲ್ಲದ ಬೋಲ್ಟುಗಳು. ಸ್ಪ್ಯಾನರ್ ಕೊಟ್ಟುಬಿಟ್ಟರೆ ಸಾಕ್ಷಿ ಹೋಗುತ್ತದೆ. ಸಾಕ್ಷಿ ನನಗೆ ಬೇಕೋ ಬೇಡವೋ ಇನ್ನೂ ಗೊತ್ತಿರಲಿಲ್ಲ.

ನನ್ನ ಗಂಡ ಕ್ಲಬ್ಬಿನ ಹಳೆ ಕ್ರೀಡಾಂಗಣದ ಫಿಟ್ಟರ್. ಈ ಮನೆ ಕ್ಲಬ್ಬಿನ ಕ್ವಾರ್ಟರ್ಸ್. ಕ್ಲಬ್ಬಿಗೆ ಹೊಸ ಕ್ರೀಡಾಂಗಣ ಬೇಕಿತ್ತು. ಪೂರ್ತಿ ಖರ್ಚು ನಗರಸಭೆಯೇ ಹಾಕಲಿ ಅಂತ ಪಂದ್ಯ ನಡೆಸುವ ಲೀಗಿನವರು; ಲೀಗೂ ಪಾಲು ಹಾಕಲಿ ಅಂತ ಊರಿನವರು. ಊಟಕ್ಕೆ ಕೂತರೆ ಗಂಡನಿಗೆ ಇದೇ ಮಾತು.

"ಟಿಕೆಟ್ ದುಡ್ಡು ಅವರಿಗೆ, ಟಿವಿ ದುಡ್ಡು ಅವರಿಗೆ. ಕಲ್ಲು ಸಿಮೆಂಟು ಮಾತ್ರ ನಮ್ಮ ತೆರಿಗೇಲಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!"

"ನೀನೇನು ಎಮ್ಮೆನಾ?" ಅಂತಿದ್ದೆ ನಾನು.

"ಬರೆ ನೋಡಿದ್ರೆ ಗೊತ್ತಾಗಲ್ವಾ?"

ಹಳೆಯದು ಎಷ್ಟು ಹದಗೆಟ್ಟಿದೆ ಅಂತ ಬಂದು ನೋಡಿ ಪಾಲಿನ ಮಾತಾಡುತ್ತೇವೆ ಅಂದರು ಲೀಗಿನವರು. ಕ್ಲಬ್ಬಿನ ಮ್ಯಾನೇಜರ್ ಗಂಡನನ್ನು ಕರೆದು, ಅವರು ನೋಡಲು ಬಂದಾಗ ಮೇಲಿನ ಗ್ಯಾಲರಿಯ ಅಂಚಿನ ಕಂಬಿ ಮುಟ್ಟಿದರೆ ಅಲ್ಲಾಡಬೇಕು ಅಂದ. ಕಂಬಿಗೆ ಏನೂ ಆಗಿರಲಿಲ್ಲ. ಅದನ್ನು ಗಟ್ಟಿಯಾಗಿ ಇಟ್ಟವನೇ ನನ್ನ ಗಂಡ. ಆದರೂ ಖುಷಿಯಿಂದ ಒಪ್ಪಿದ. ಲೀಗಿನಿಂದ ದುಡ್ಡು ಕಕ್ಕಿಸುವ ಕೆಲಸ ತನ್ನ ಪಾಲಿಗೆ ಬಂತು ಅಂತ ಹಿಗ್ಗು. ಕ್ಲಬ್ಬಿನ ಸ್ಪ್ಯಾನರ್‌ಗೆ ಬೋಲ್ಟು ಜಗ್ಗಲಿಲ್ಲ, ಗ್ಯಾರೇಜಿನದನ್ನು ಕೇಳಿ ತಂದ.

ಅವನಿಗೊಂದು ರೂಢಿ. ಬೆಳಿಗ್ಗೆ ಹೋದ ಕೂಡಲೇ ಗ್ಯಾಲರಿ ಸುತ್ತಿ ಪ್ರತಿ ಕಂಬಿಗೂ ಸೊಂಟದಿಂದ ಒಂದು ದಬ್ಬು. ಸಡಿಲ ಇದ್ದರೆ ಕೈಗಿಂತ ಮೊದಲು ಸೊಂಟಕ್ಕೆ ತಿಳಿಯುತ್ತದಂತೆ. ಮನೆಯಲ್ಲೂ ಮಂಚ, ಬಾಗಿಲು, ಬಟ್ಟೆ ಒಗೆಯುವ ಕಲ್ಲು, ಎಲ್ಲಕ್ಕೂ ಒಂದೊಂದು ದಬ್ಬು. ಪಾತ್ರೆ ತೊಳೆಯುತ್ತಿದ್ದರೆ ನನಗೂ.

ಸಂಜೆ ಬೋಲ್ಟು ಬಿಚ್ಚಿ ಬಂದ. ಮರುದಿನ ಬೆಳಿಗ್ಗೆ ಎಂದಿನಂತೆ ಸುತ್ತು ಹೊರಟ. ಸೊಂಟಕ್ಕೆ ಯಾರೂ ಹೇಳಿರಲಿಲ್ಲ.

ಹಾಲು ಉಕ್ಕಿದ ಆ ಬೆಳಿಗ್ಗೆ, ತಿಂಡಿಯ ಹೊತ್ತಿಗೆ ಮ್ಯಾನೇಜರ್ ಮನೆಗೆ ಬಂದ.

"ಅವತ್ತು ಬರಬೇಕಾಗಿದ್ದ ಲೀಗಿನವರು ಇವತ್ತು ಬಂದಿದಾರಮ್ಮ. ನೀವು ಬಂದು ಒಂದೇ ಮಾತು ಹೇಳ್ಬೇಕು. ಕಂಬಿಗೆ ತುಕ್ಕು ಹಿಡಿದಿತ್ತು, ಮನೇಲೂ ಎಷ್ಟೋ ಸಲ ಹೇಳ್ತಿದ್ರು, ಅಷ್ಟೇ."

"ಹಿಡಿದಿರಲಿಲ್ಲ."

"ಹಾಗಾದ್ರೆ ಬಿಚ್ಚಿದ್ದು ಯಾರು ಅಂತ ಕೇಳ್ತಾರೆ. ತಾನೇ ಬಿಚ್ಚಿ ತಾನೇ ಬಿದ್ದ ಅಂತಾಗುತ್ತೆ. ಅಂಥೋರ ಮನೆಯವರಿಗೆ ಕ್ವಾರ್ಟರ್ಸ್ ಇಲ್ಲಮ್ಮ."

"ಬಿಚ್ಚು ಅಂದಿದ್ದು ನೀವು."

"ಯಾರು ಕೇಳಿಸ್ಕೊಂಡ್ರು?"

ಅತ್ತೆ ಚಹಾ ತಂದು ಅವನ ಮುಂದಿಟ್ಟು, ಸಕ್ಕರೆ ಸಾಕಾ ಅಂತ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ಹೋಗಿ ಹೇಳಿ ಬಾ. ಹೋದವನು ಹೋದ. ನೀನೇನು, ವಯಸ್ಸಿದೆ, ಇನ್ನೊಬ್ಬನ ಮನೆ ಸೇರ್ಕೋತೀಯ. ನಾನೆಲ್ಲಿಗೆ ಹೋಗ್ಲಿ? ಎರಡು ತುತ್ತು ತಿಂದ್ಕೊಂಡು ಹೋಗು, ಅಲ್ಲಿ ಬಿದ್ದುಗಿದ್ದೀಯ. ಬೀಳೋದು ಈ ಮನೇಲಿ ಒಬ್ರಿಗೆ ಸಾಕು."

ತಿಂದೆ. ಊಟದ ಚೀಲ ಹೆಗಲಿಗೆ ಹಾಕಿಕೊಂಡು ಹೋದೆ.

ಲೀಗಿನ ಅಧಿಕಾರಿ ನನ್ನ ವಯಸ್ಸಿನವಳು. ಕುರ್ಚಿ ಎಳೆದುಕೊಟ್ಟಳು, ನೀರು ಕೊಟ್ಟಳು. ಎದುರಿಗೆ ನಗರಸಭೆಯ ದೊಡ್ಡ ಮನುಷ್ಯ ಕೂತಿದ್ದ. ಚೀಲ ನನ್ನ ತೊಡೆಯ ಮೇಲೆ ಭಾರವಾಗಿತ್ತು. ಸ್ಪ್ಯಾನರ್ ತೆಗೆದು ಮೇಜಿನ ಮೇಲಿಟ್ಟಿದ್ದರೆ ಸದ್ದಾಗುತ್ತಿತ್ತು. ಇಡಲಿಲ್ಲ. ಕಂಬಿಗೆ ತುಕ್ಕು ಹಿಡಿದಿತ್ತು ಅಂದೆ. ಮನೆಯಲ್ಲೂ ಎಷ್ಟೋ ಸಲ ಹೇಳುತ್ತಿದ್ದರು ಅಂದೆ. ನಾನು ಓದಿದವಳು, ತಡವರಿಸದೆ ಹೇಳಿದೆ.

ಅವಳು ಕಣ್ಣೊರೆಸಿಕೊಂಡಳು. "ಇದನ್ನ ಕೇಳಿದ ಮೇಲೆ ಪಾಲಿನ ಚರ್ಚೆನೇ ಬೇಡ. ಬರೀ ಅನುಕೂಲದ ಮಾತಾಗಿದ್ರೆ ಲೀಗ್ ಕೈ ಜೋಡಿಸಬಹುದಿತ್ತು. ಇದು ಜೀವದ ಪ್ರಶ್ನೆ. ಜನರ ಜೀವ ಕಾಯೋದು ನಗರಸಭೆ ಕರ್ತವ್ಯ. ಅದರಲ್ಲಿ ನಾವು ಪಾಲು ಕೇಳೋದು ತಪ್ಪಾಗುತ್ತೆ."

ಲೀಗಿನ ಪಾಲನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಳು. ದೊಡ್ಡ ಮನುಷ್ಯ ನನ್ನ ಮುಖ ನೋಡಿದ. ವಿಧವೆಯ ಎದುರಿಗೆ ಇಲ್ಲ ಅನ್ನುವುದು ಹೇಗೆ? ಪೂರ್ತಿ ಖರ್ಚು ನಮ್ಮದೇ ಅಂದ.

ವಾಪಸು ಬರುವಾಗ ಕಾರಿನಲ್ಲಿ ಮ್ಯಾನೇಜರ್ ಹಾಡು ಹಾಕಿದ. ನನ್ನನ್ನು ನೋಡಿ ಆರಿಸಿದ.

"ಹೊಸದರಲ್ಲಿ ಮೇಲಿನ ಗ್ಯಾಲರಿಗೆ ಅವನ ಹೆಸರೇ ಇಡಿಸ್ತೀನಮ್ಮ."

"ಲೀಗಿನವರು ಏನೂ ಕೊಡಲಿಲ್ಲವಲ್ಲ" ಅಂದೆ.

"ಯಾರ ದುಡ್ಡು ಅಂತ ಕಟ್ಟಡಕ್ಕೇನು ಗೊತ್ತಾಗುತ್ತಾ?"

ಗ್ಯಾರೇಜಿನ ಮುಂದೆ ಇಳಿದುಕೊಂಡೆ. ಬೋಲ್ಟುಗಳನ್ನು ಅಲ್ಲಿನ ಗುಜರಿ ಡಬ್ಬಕ್ಕೆ ಸುರಿದೆ. ಲಾರಿಯ ಕೆಳಗಿನಿಂದ ತೆವಳಿಕೊಂಡು ಬಂದವನಿಗೆ ಸ್ಪ್ಯಾನರ್ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದ.

"ಅಯ್ಯೋ, ಹಿಡಿ ಬಗ್ಗಿದೆಯಲ್ಲಕ್ಕ! ಪೈಪು ಸಿಗಿಸಿ ಜಗ್ಗಿದಾರೆ ಭಾವ. ಅಷ್ಟೊಂದು ಗಟ್ಟಿ ಇತ್ತಾ?"

"ಗಟ್ಟಿ ಇತ್ತು" ಅಂದೆ.

ಅವನು ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಲಾರಿಯ ಕೆಳಗೆ ತೂರಿದ.