ಬೀರುವಿನ ಇನ್ನೊಂದು ತುದಿ

ಆಟದ ಕಂಪನಿಯಲ್ಲಿ ನನ್ನ ಕೆಲಸ ಆಟ ಕಟ್ಟುವುದಲ್ಲ, ಜನ ಆಡುವುದನ್ನು ನೋಡುವುದು. ಅವರ ಬೆನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಂತು, ಎಲ್ಲಿ ತಡವರಿಸಿದರು, ಎಲ್ಲಿ ನಕ್ಕರು, ಎಲ್ಲಿ ಬೇಸತ್ತು ಎದ್ದರು ಎಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಬೇಕು. ಸಹಾಯ ಮಾಡಬಾರದು, ಮಾತಾಡಬಾರದು, ಹೂಂ ಅಂತ ಕೂಡ ಅನ್ನಬಾರದು. ಹನ್ನೊಂದು ವರ್ಷ ಇದನ್ನೇ ಮಾಡಿ ಮಾಡಿ, ಈಗ ಲಿಫ್ಟಿನಲ್ಲಿ ಯಾರಾದರೂ ಮಾತಾಡಿಸಿದರೆ ನನ್ನ ಬಾಯಿಂದ ತಟ್ಟನೆ ಉತ್ತರ ಬರುವುದಿಲ್ಲ.

ಈ ಸಲದ ಆಟ ಸುಲಭದ್ದು. ದೊಡ್ಡದೊಂದು ಬೀರುವನ್ನು ಇಬ್ಬರು ಆಚೀಚೆ ಹಿಡಿದು, ಐದು ಮಹಡಿ ಮೆಟ್ಟಿಲಿಳಿಸಿ, ಬೀದಿಯಲ್ಲಿ ನಿಂತ ಗಾಡಿಗೆ ಹಾಕಬೇಕು. ತಿರುವಿನಲ್ಲಿ ಸಿಕ್ಕಿಕೊಂಡರೆ ಬೀರುವಿನ ಬಾಗಿಲು ಕಿತ್ತುಬರುತ್ತದೆ, ಆಡುವವರಿಗೆ ಜಗಳ ಹತ್ತಿಕೊಳ್ಳುತ್ತದೆ. ನನ್ನ ಕಾಟ ತಾಳಲಾರದೆ ಅದರಲ್ಲಿ ಒಂಟಿ ಆಟವನ್ನೂ ಸೇರಿಸಿದ್ದರು. ಅಲ್ಲಿ ಇನ್ನೊಂದು ತುದಿಯನ್ನು ಕಂಪ್ಯೂಟರೇ ಹಿಡಿಯುತ್ತದೆ. ನನಗೆ ವಿಚ್ಛೇದನವಾಗಿ ಮೂರು ವರ್ಷ. ಸಂಜೆ ಮನೆಗೆ ಹೋಗಿ ಯಾವ ಆಟ ತೆರೆದರೂ ಅದು ಮೊದಲು ಕೇಳುವುದು, ಜೊತೆಗಾರರು ಯಾರು ಎಂದು. ಇದಕ್ಕೆ ಯಾಕಪ್ಪಾ ಆ ಉಸಾಬರಿ ಎಂದು ಮೈಯೆಲ್ಲ ಉರಿಯುತ್ತದೆ. ನನ್ನಂಥವರಿಗೂ ಒಂದು ಆಟ ಇರಲಿ ಅಂತ ನನ್ನ ಹಠ.

ನಮ್ಮ ಮ್ಯಾನೇಜರು ಯಾವುದನ್ನೂ ಅಳೆದು ತೂಗಿ ನೋಡದೆ ಬಿಡುವವರಲ್ಲ. ಒಂಟಿ ಆಟಕ್ಕೆ ಗಿರಾಕಿ ಎಲ್ಲಿದ್ದಾರೆ ಎಂದರು. ಆಟಗಳ ಮೇಳದಲ್ಲಿ ಒಂದು ದಿನ ಮೇಜು ಹಾಕಿ, ಒಬ್ಬರೇ ಕೂತು ಕೊನೆಯವರೆಗೆ ಆಡುವ ಹತ್ತು ಜನರನ್ನು ತೋರಿಸಿ, ಇಲ್ಲದಿದ್ದರೆ ಕಿತ್ತುಹಾಕುತ್ತೇವೆ ಎಂದರು.

ಮೇಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ಮಧ್ಯಾಹ್ನದವರೆಗೆ ನನ್ನ ಮೇಜಿಗೆ ಬಂದವರೆಲ್ಲ ಜೋಡಿ. ಗಂಡ-ಹೆಂಡತಿ, ಅಕ್ಕ-ತಂಗಿ, ಮಾವ-ಅಳಿಯ. ಅಳಿಯ ಬೀರು ಕೈಬಿಟ್ಟಾಗ ಮಾವ ಆಡಿದ ಮಾತನ್ನು ನಾನು ಕಾಗದಕ್ಕೆ ಇಳಿಸಲಿಲ್ಲ. ಒಬ್ಬರೇ ಬಂದವರು ಹತ್ತಿರ ಬಂದು ನಿಧಾನಿಸಿ, ಮುಂದೆ ಹೋಗಿಬಿಡುತ್ತಿದ್ದರು. ಒಬ್ಬಾಕೆಯನ್ನು ತಡೆದು, ಆಡಿ ಎಂದೆ. ಆಕೆ ಖಾಲಿ ಕುರ್ಚಿಯ ಕಡೆ ನೋಡಿ, ಯಾರನ್ನಾದರೂ ಕರೆದುಕೊಂಡು ಬರುತ್ತೇನೆ ಎಂದು ಹೊರಟುಹೋದಳು.

ಆಗ ಹೊಳೆಯಿತು. ಅಭ್ಯಾಸಬಲದಿಂದ ಮೇಜಿಗೆ ಎರಡು ಕುರ್ಚಿ ಹಾಕಿದ್ದೆ. ಒಬ್ಬರೇ ಬಂದವರಿಗೆ ಎರಡನೆಯ ಕುರ್ಚಿ ಕಂಡರೆ ಹೇಗಾಗುತ್ತದೆ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು? ಮನೆಯ ಊಟದ ಮೇಜಿನಿಂದ ಅಂಥದೇ ಒಂದು ಕುರ್ಚಿಯನ್ನು ಎತ್ತಿ ಒಳಕೋಣೆಗೆ ಹಾಕಿದವಳು ನಾನೇ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಯಿತು ನನ್ನ ಕತೆ.

ಮೇಳದ ಮೇಜಿನ ಎರಡನೆಯ ಕುರ್ಚಿಯನ್ನು ಪರದೆಯ ಹಿಂದೆ ಸರಿಸಿದೆ. ಹತ್ತು ನಿಮಿಷದಲ್ಲಿ ಒಬ್ಬ ನರ್ಸ್ ಬಂದು ಕೂತರು. ಆಮೇಲೆ ಕನ್ನಡಕದ ಅಂಗಡಿಯವರು, ಬ್ಯಾಗನ್ನು ಮಡಿಲಲ್ಲೇ ಇಟ್ಟುಕೊಂಡು ಆಡಿದ ಒಬ್ಬ ಟೀಚರ್, ಹೀಗೆ ಒಬ್ಬರಾದ ಮೇಲೆ ಒಬ್ಬರು. ಕಷ್ಟದ ತಿರುವು ಬಂದಾಗಲೆಲ್ಲ ಅವರು ಹಿಂದೆ ತಿರುಗಿ ನನ್ನ ಕಡೆ ನೋಡುತ್ತಿದ್ದರು. ನಾನು ನಿಯಮದಂತೆ ಮುಖ ಬಿಗಿದುಕೊಂಡು, ಕಾಗದದಲ್ಲಿ ‘ಗೊಂದಲ’ ಎಂದು ಗುರುತು ಹಾಕುತ್ತಿದ್ದೆ. ಆದರೂ ಎಲ್ಲರೂ ಬೀರುವನ್ನು ಗಾಡಿ ಮುಟ್ಟಿಸಿದರು. ಐದು ಗಂಟೆಗೆ ಒಂಬತ್ತು ಜನ ಆಗಿದ್ದರು. ಎಷ್ಟೋ ದಿನಗಳ ಮೇಲೆ ನನಗೆ ಖುಷಿಯಾಗಿತ್ತು.

ಹತ್ತನೆಯವರು ಹೆಬ್ಬಾಗಿಲಲ್ಲಿ ಟಿಕೆಟ್ ನೋಡುತ್ತಿದ್ದ ಹಿರಿಯರು. ಪಾಳಿ ಮುಗಿಸಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತರು. ಅವರ ಬಾಯಿ ಸುಮ್ಮನಿರುವುದಲ್ಲ. ಸ್ವಲ್ಪ ಎಡಕ್ಕೆ ತಿರುಗಿಸಬೇಕು ಅಲ್ವಾ, ಈಗ ಸರಿಯಾಯ್ತಾ ಎಂದು ಕೇಳುತ್ತಲೇ ಐದೂ ಮಹಡಿ ಇಳಿಸಿದರು. ಕಂಪ್ಯೂಟರನ್ನು ಕೇಳುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದೆ. ಬೀರು ಗಾಡಿ ಸೇರಿತು. ‘ಒಬ್ಬರೇ ಆಡಿದವರು’ ಎಂಬಲ್ಲಿ ಹತ್ತು ಎಂದು ಬರೆದೆ. ಆಟ ಮುಗಿದ ಮೇಲೆ ಕೇಳುವ ಪ್ರಶ್ನೆಗಳಿಗೆ ಉಳಿದವರೆಲ್ಲ ತಾವೇ ಟಿಕ್ ಹಾಕಿ ಹೋಗಿದ್ದರು. ಇವರು ಕನ್ನಡಕ ತಂದಿರಲಿಲ್ಲ, ನಾನೇ ಓದಿ ಹೇಳಿದೆ: ಒಬ್ಬರೇ ಆಡಿದ್ದು ಹೇಗನ್ನಿಸಿತು?

"ಒಬ್ನೇ ಎಲ್ಲಿ ಆಡ್ದೆ ಮೇಡಂ? ನೀವು ಹಿಂದೆ ನಿಂತಿದ್ರಲ್ಲ," ಎಂದರು.

"ನಾನೇನೂ ಸಹಾಯ ಮಾಡ್ಲಿಲ್ವಲ್ಲ."

"ಮಾಡ್ಬೇಕು ಅಂತ ಯಾರ್ ಹೇಳಿದ್ರು? ನಿಂತಿದ್ರಿ, ಅಷ್ಟ್ ಸಾಕು. ಮನೇಲಾಗಿದ್ರೆ ಎರಡನೇ ಮಹಡೀಲೇ ಬಿಟ್ಟು ಎದ್ದು ಹೋಗ್ತಿದ್ದೆ."

ಅವರು ಟೋಪಿ ಹಾಕಿಕೊಂಡು ಹೋದ ಮೇಲೆ ಉಳಿದ ಒಂಬತ್ತು ಕಾಗದಗಳನ್ನು ತಿರುವಿಹಾಕಿದೆ. ಪ್ರತಿಯೊಂದರಲ್ಲೂ ‘ಗೊಂದಲ’, ‘ಗೊಂದಲ’. ಅವರಿಗೆ ಯಾವ ಗೊಂದಲವೂ ಇರಲಿಲ್ಲ. ನಾನು ಇನ್ನೂ ಅಲ್ಲೇ ಇದ್ದೇನಾ ಎಂದು ನೋಡಿಕೊಳ್ಳುತ್ತಿದ್ದರು, ಅಷ್ಟೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಹತ್ತನ್ನು ಹಾಗೇ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನ್ನ ಆಟವೂ ಉಳಿಯುತ್ತಿತ್ತು. ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯುವುದೊಂದೇ ನನಗೆ ಬರುವ ವಿದ್ಯೆ. ಹತ್ತನ್ನು ಹೊಡೆದುಹಾಕಿ ಸೊನ್ನೆ ಬರೆದೆ. ಆಮೇಲೆ ಅವರೆಲ್ಲ ಕೂತು ಆಡಿದ ಕುರ್ಚಿಯಲ್ಲಿ ನಾನೂ ಕೂತೆ. ಮಧ್ಯಾಹ್ನವೆಲ್ಲ ಹತ್ತು ಜನ ನನ್ನ ಜೊತೆ ಬೀರು ಇಳಿಸಿದ್ದರು, ನಾನು ಅವರಲ್ಲಿ ಒಬ್ಬರನ್ನಾದರೂ ನೋಡಿ ನಕ್ಕಿರಲಿಲ್ಲ.