ನನಗಿಲ್ಲದ ತಮ್ಮ

ನನಗೆ ತಮ್ಮನಿಲ್ಲ. ಅಣ್ಣನೂ ಇಲ್ಲ. ಅಪ್ಪ ಅಮ್ಮನಿಗೆ ನಾನೊಬ್ಬಳೇ. ಈ ಕೊರತೆಯನ್ನು ತುಂಬಿಕೊಟ್ಟವರು ನಮ್ಮ ಯಜಮಾನರು, ಅದೂ ಅವರಿಗೆ ಪಾರ್ಕಿನ್ಸನ್ ಎಂದು ಡಾಕ್ಟರು ಹೇಳಿದ ದಿನ. ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ನಡುಗುವ ಬಲಗೈಯನ್ನು ನೋಡಿಕೊಂಡು, ಕರೆಯದೆ ಬಂದು ಹೊರಡುವ ಮಾತೇ ಎತ್ತದವನು ಅಂದರೆ ಇವನು ನಿನ್ನ ತಮ್ಮನೇ ಇರಬೇಕು ಎಂದರು. ಅಳುತ್ತಿದ್ದ ನಾನು ನಕ್ಕುಬಿಟ್ಟೆ.

ಅಂದಿನಿಂದ ಚಹಾ ಚೆಲ್ಲಿದರೆ ನನ್ನ ತಮ್ಮ ತಳ್ಳಿದ ಎಂದಾಯಿತು. ಅಂಗಿಯ ಗುಂಡಿ ಹಾಕಲು ಅರ್ಧ ಗಂಟೆ ಹಿಡಿದರೆ ತಮ್ಮನ ಜೊತೆ ಕುಸ್ತಿ. ಹೊಸ್ತಿಲಲ್ಲಿ ಕಾಲು ಅಂಟಿಕೊಂಡು ನಿಂತುಬಿಟ್ಟರೆ, ಮೊದಲು ನಾನು ದಾಟಬೇಕು ಅಂತ ಅವನ ಹಠ. ನಾನೇನು ಕಡಿಮೆಯವಳಲ್ಲ. ಭಾವನ ಕೈ ಬಿಡೋ ಎಂದು ಅವನನ್ನು ಗದರುತ್ತಿದ್ದೆ.

ಮನೆಯ ಮುಂದಿನ ಕೋಣೆಯೇ ನಮ್ಮ ಕಟಿಂಗ್ ಅಂಗಡಿ. ಎರಡು ಕುರ್ಚಿ, ಎರಡು ಕನ್ನಡಿ, ಗೋಡೆಗೆ ಒರಗಿಸಿದ ಒಂದು ಬೆಂಚು. ಮೂವತ್ತು ವರ್ಷ ಅಲ್ಲಿ ಅವರ ಕತ್ತರಿ ಆಡಿತ್ತು. ಕೈ ಕೈಕೊಟ್ಟ ಮೇಲೆ ಕತ್ತರಿ ನನ್ನ ಪಾಲಿಗೆ ಬಂತು, ಬೆಂಚು ಅವರ ಪಾಲಿಗೆ. ಬಾಯಿಗೆ ಮಾತ್ರ ನಿವೃತ್ತಿ ಇರಲಿಲ್ಲ. ಈ ಕಸುಬಿನಲ್ಲಿ ಮುಖ ನೋಡಿ ಮಾತಾಡುವ ರೂಢಿಯಿಲ್ಲ, ಕನ್ನಡಿ ನೋಡಿ ಮಾತಾಡುತ್ತೇವೆ. ಅವರು ಹಿಂದಿನಿಂದ ಒಂದು ಎಸೆದರೆ ನಾನು ಕನ್ನಡಿಯಲ್ಲೇ ಅದನ್ನು ಹಿಡಿದು ವಾಪಸ್ ಎಸೆಯುತ್ತಿದ್ದೆ. ಬೋಳುತಲೆಯವರೂ ಇದನ್ನು ಕೇಳುವುದಕ್ಕೆಂದೇ ಬಂದು ಕೂರುತ್ತಿದ್ದರು.

ಎರಡನೆಯ ವರ್ಷ ಅವರ ಮುಖ ನಿಂತುಹೋಯಿತು. ಬೇರೆ ಹೇಗೆ ಹೇಳಬೇಕೋ ತಿಳಿಯದು. ಜೋಕು ಬರುತ್ತಿತ್ತು, ಅದರ ಬೆನ್ನಿಗೆ ಬರಬೇಕಾದ ನಗು ಬರುತ್ತಿರಲಿಲ್ಲ. ರೆಪ್ಪೆ ಮುಚ್ಚುವುದೂ ಅಪರೂಪವಾಯಿತು. ಒಳಗೆ ಎಲ್ಲ ಮೊದಲಿನಂತೆಯೇ ಇದೆ, ಮುಖ ಮಾತು ಕೇಳುತ್ತಿಲ್ಲ ಅಷ್ಟೇ ಎಂದು ಡಾಕ್ಟರು ಸಮಾಧಾನ ಹೇಳಿದರು. ನನಗಿದ್ದ ಭಯ ಒಂದೇ. ಈ ಮಾತೂ ಒಂದು ದಿನ ನಿಂತರೆ, ನಾನು ಮದುವೆಯಾದ ಮನುಷ್ಯನನ್ನು ಎಲ್ಲಿ ಅಂತ ಹುಡುಕಲಿ? ಅದಕ್ಕೇ ಅವರ ಒಂದು ಮಾತಿಗೆ ನಾನು ಎರಡು ಸೇರಿಸುತ್ತಿದ್ದೆ. ತಮಾಷೆ ಆರದಂತೆ ನೋಡಿಕೊಳ್ಳುವುದು ಕತ್ತರಿಗಿಂತ ದೊಡ್ಡ ಕೆಲಸವಾಗಿತ್ತು.

ಮಾತ್ರೆ ಹೆಚ್ಚಿಸಿದ ತಿಂಗಳು ಕೈಕಾಲು ತುಸು ಹಿಡಿತಕ್ಕೆ ಬಂದವು. ತಮ್ಮನೂ ಚುರುಕಾದ. ಅಲ್ಲಿಯವರೆಗೆ ಅವನಿಗೊಂದು ರೂಪವಿರಲಿಲ್ಲ. ಈಗ ಯಜಮಾನರ ಮಾತಿನಲ್ಲಿ ಅವನಿಗೆ ಬೂದು ಕೋಟು ಬಂತು, ಅದರ ಎರಡನೆಯ ಗುಂಡಿ ಕಿತ್ತುಹೋಗಿತ್ತು. ಬೂಟು ಸದಾ ಒದ್ದೆ. ಬೆಂಚಿನ ಆಚೆ ತುದಿಯಲ್ಲೇ ಕೂರುತ್ತಾನೆ, ತುಟಿ ಪಿಟಕ್ಕೆನ್ನುವುದಿಲ್ಲ, ಕೂದಲು ಕಿವಿ ಮುಚ್ಚಿದೆ ಎಂದರು. ಇವರ ಹಾಸ್ಯಕ್ಕೆ ಸಾಣೆ ಹಿಡಿದಂತಾಗಿದೆ ಎಂದು ನಾನು ಹಿಗ್ಗಿದೆ. ಬೆಂಚು ತುಂಬಿದಾಗಲೆಲ್ಲ ಆ ತುದಿಗೆ ತಿರುಗಿ, ಸ್ವಲ್ಪ ಸರಿಯೋ ಎನ್ನುತ್ತಿದ್ದೆ.

ಮುಂದಿನ ತಪಾಸಣೆಯಲ್ಲಿ ಡಾಕ್ಟರು, ಇಲ್ಲದವರು ಯಾರಾದರೂ ಕಣ್ಣಿಗೆ ಕಾಣುತ್ತಾರಾ ಎಂದು ಕೇಳಿದರು. ಇಲ್ಲ, ಇವಳ ತಮ್ಮ ಬಂದಿದ್ದಾನೆ ಅಷ್ಟೇ ಎಂದರು ಇವರು. ಉಂಡೂ ಹೋದ ಕೊಂಡೂ ಹೋದ ಅನ್ನುವ ಹಾಗಿದ್ದರೂ ಆಗುತ್ತಿತ್ತು, ಇವನು ಹೋಗುವುದೇ ಇಲ್ಲ ಎಂದು ನಾನು ಸೇರಿಸಿದೆ. ಡಾಕ್ಟರು ನಕ್ಕು ಅದೇ ಮಾತ್ರೆ ಮುಂದುವರಿಸಲು ಹೇಳಿದರು.

ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್ ಮತ್ತು ಬೀಗ ರಿಪೇರಿಯವನು ಬೆಂಚಿನಲ್ಲಿದ್ದರು. ಮುಂದಿನ ಸರದಿ ಯಾರದು ಎಂದೆ. ಯಜಮಾನರು ಬೆಂಚಿನ ತುದಿಯತ್ತ ನೋಡಿ, ಅವನದು, ಬೆಳಿಗ್ಗೆಯಿಂದ ಕಾಯುತ್ತಿದ್ದಾನೆ ಎಂದರು. ಸಿಕ್ಕ ಅವಕಾಶ ಬಿಡುವವಳೇ ನಾನು? ಖಾಲಿ ಕುರ್ಚಿಗೆ ಬಟ್ಟೆ ಹೊದಿಸಿದೆ, ಗಾಳಿಗೆ ನೀರು ಚಿಮುಕಿಸಿದೆ, ತಲೆ ಬಗ್ಗಿಸೋ ಎಂದು ಗದರಿ ಕಚಕಚ ಕತ್ತರಿ ಆಡಿಸಿದೆ. ಪೋಸ್ಟ್‌ಮ್ಯಾನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕುತ್ತಿಗೆಯೇ ಇಲ್ಲದ ಬಟ್ಟೆ ಕುರ್ಚಿಯಲ್ಲಿ ಕುಸಿದು ಬಿದ್ದಿತ್ತು. ಕನ್ನಡಿಯಲ್ಲಿ ಯಜಮಾನರು ರೆಪ್ಪೆ ಬಡಿಯದೆ ನನ್ನ ಕತ್ತರಿಯ ತುದಿಯನ್ನೇ ನೋಡುತ್ತಿದ್ದರು.

ಎಲ್ಲರೂ ಹೋದ ಮೇಲೆ ನೆಲ ಗುಡಿಸುತ್ತಿದ್ದೆ. ಇವರು ಎದ್ದು ಕಾಲೆಳೆಯುತ್ತ ಬಂದು, ಡಬ್ಬಿಯಿಂದ ಹತ್ತಿ ತೆಗೆದು, ಆ ಕುರ್ಚಿಯ ಮೇಲೆ ಕಿವಿ ಇರಬೇಕಾದ ಎತ್ತರದಲ್ಲಿ ಹಿಡಿದರು. ಹತ್ತಿ ಗಾಳಿಯಲ್ಲಿ ನಡುಗುತ್ತಿತ್ತು.

"ನೀನು ಅವನ ಕಿವಿ ಕೊಯ್ದುಬಿಟ್ಟೆ ಕಣೇ. ಪಾಪ, ನೋವಾಯ್ತು ಅಂತ ಬಾಯೇ ಬಿಡ್ಲಿಲ್ಲ ಅವನು."

ಮುಂದಿನ ಮಾತಿನಲ್ಲಿ ಜೋಕು ಬರುತ್ತದೆಂದು ಕಾದೆ. ಅವರು ಹತ್ತಿಯನ್ನು ತಿರುಗಿಸಿ, ಒದ್ದೆಯಾಗದ ಬದಿ ನೋಡಿ, ಮತ್ತೆ ಒತ್ತಿದರು. ಮೂವತ್ತು ವರ್ಷ ಗಿರಾಕಿಗಳ ಗೀರು ಒರೆಸಿದ ಜಾಗ್ರತೆ ಆ ಬೆರಳುಗಳಲ್ಲಿತ್ತು. ತಮಾಷೆಗೆ ಯಾರೂ ಹತ್ತಿಯ ಒಣ ಬದಿ ಹುಡುಕುವುದಿಲ್ಲ.

"ರೀ, ಅಲ್ಲಿ ಯಾರೂ ಇಲ್ಲ."

"ದಿನಾ ನೀನೇ ಮಾತಾಡಿಸ್ತೀಯಲ್ಲ."

"ಅದು ತಮಾಷೆಗೆ."

ಅವರು ಹತ್ತಿಯನ್ನು ಕೆಳಗಿಟ್ಟು ಬೆಂಚಿಗೆ ಹೋಗಿ ಕೂತರು. ಆಮೇಲೆ ಒಂದೊಂದೇ ಮಾತು ಹೊರಬಂತು. ಅವನು ಮೊದಲ ಸಲ ಕಂಡ ದಿನ ತಲೆ ಕೆಟ್ಟಿತೆಂದು ಜೀವವೇ ಹಾರಿಹೋಗಿತ್ತಂತೆ. ತಮಾಷೆಯ ಧಾಟಿಯಲ್ಲೇ ನನಗೆ ಹೇಳಿ ನೋಡಿದರಂತೆ, ನಾನು ಏನನ್ನುತ್ತೇನೋ ನೋಡೋಣ ಎಂದು.

"ನೀನು ಸರಿಯೋ ಅಂದೆ. ಅವನು ಸರಿದ. ಸದ್ಯ, ಇವಳಿಗೂ ಕಾಣ್ತಾನೆ ಅಂತ ಧೈರ್ಯ ಬಂತು. ಅದಕ್ಕೇ ಡಾಕ್ಟರು ಕೇಳಿದಾಗ ಇಲ್ಲ ಅಂದೆ."

ನಗೆ ಹೋಗಿ ಹೊಗೆಯಾಗುವುದು ಎಂದರೆ ಇದೇ. ಗಂಡನನ್ನು ಉಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡು ನಾನು ಅವನಿಗೆ ಜಾಗ ಮಾಡಿಕೊಟ್ಟಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮಾತ್ರೆ ಹೆಚ್ಚಿಸಿದ್ದಕ್ಕೇ ಹೀಗಾಗಿರಬಹುದು, ನಾಳೆ ಬೆಳಿಗ್ಗೆಯೇ ಬನ್ನಿ, ಕಡಿಮೆ ಮಾಡೋಣ, ನಡುಕ ಹೆಚ್ಚಾಗಬಹುದು, ಆದರೆ ಕಾಣುವುದು ನಿಲ್ಲಬಹುದು ಎಂದರು. ಅದನ್ನೇ ಇವರಿಗೆ ಹೇಳಿದೆ. ಆಗಲಿ ಎಂದರು. ಬೆಂಚಿನಲ್ಲಿ ಅವರ ಪಕ್ಕ ಕೂತೆ, ಆಚೆ ತುದಿಗೆ ಬೆನ್ನು ಹಾಕಿ.

"ಅವನು ಇಲ್ಲ ಅಂತ ನೀನು ಹೇಳ್ತೀಯ, ಒಪ್ಪಿದೆ," ಎಂದರು. "ನೀನು ಇದ್ದೀಯ ಅಂತ ಯಾರು ಹೇಳ್ತಾರೆ?"

"ಇದ್ದೀನ್ರೀ," ಎಂದೆ. ಅವರ ಕೈ ತೆಗೆದು ನನ್ನ ಕೆನ್ನೆಗೆ ಒತ್ತಿಕೊಂಡೆ. ಅದು ಅಲ್ಲಿ ಸ್ವಲ್ಪ ಹೊತ್ತು ನಡುಗುತ್ತಿತ್ತು. ಆಮೇಲೆ ಅವರು ನನ್ನ ಭುಜದ ಆಚೆ ನೋಡಿದರು.

"ಕೇಳಿಸ್ಕೊಂಡ್ಯಾ? ಇದ್ದಾಳಂತೆ."

ತಮಾಷೆಯಾಗಿದ್ದರೆ ನಮ್ಮ ಯಜಮಾನರು ಇನ್ನೂ ಆ ಮುಖದ ಒಳಗೇ ಇದ್ದಾರೆ, ನಾನು ನಗಬೇಕಿತ್ತು. ಹುಬ್ಬು, ತುಟಿ, ಕಣ್ಣಿನ ಕೊನೆ, ಎಲ್ಲ ಕಡೆ ಹುಡುಕಿದೆ, ಏನೂ ಗೊತ್ತಾಗಲಿಲ್ಲ. ಅವರು ನನ್ನ ಬೆನ್ನ ಹಿಂದೆ ನೋಡುತ್ತಲೇ ಇದ್ದರು, ಉತ್ತರಕ್ಕೆ ಕಾಯುವವರ ಹಾಗೆ. ಮದುವೆಯಾದ ಈ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಅವರ ಮಾತಿಗೆ ನನಗೆ ಎದುರು ಮಾತು ಹೊಳೆಯಲಿಲ್ಲ.